ಅಲಾರಂ 'ಆಫ್' ಆಯ್ತು, ನಾನು ಟೀ ಕುಡಿಯಲು ಹೋದೆ: ಒಂದು ಫ್ರೇಸಲ್ ವರ್ಬ್ ಆ್ಯಪ್ ಬಗ್ಗೆ

ರೇಟಿಂಗ್: 5ಕ್ಕೆ 3

ಅವತ್ತು ರಾತ್ರಿ ಪಾಳಿ. ಸರ್ವರ್ ರೂಮಿನಿಂದ ಮೆಸೇಜ್ ಬಂತು: 'ದ ಅಲಾರಂ ವೆಂಟ್ ಆಫ್'. ಸದ್ಯ, ಆಫ್ ಆಯ್ತಲ್ಲ ಅಂದುಕೊಂಡು 'ಥ್ಯಾಂಕ್ಸ್' ಅಂತ ಕಳಿಸಿ ಟೀ ಕುಡಿಯಲು ಹೋದೆ. ಅಲ್ಲಿ ಅದು ಬಡಿದುಕೊಳ್ಳುತ್ತಲೇ ಇತ್ತು. ಮರುದಿನ ಬೈಸಿಕೊಂಡ ಮೇಲೆ ಈ ಆ್ಯಪ್ ಹಾಕಿಕೊಂಡೆ. ಫ್ರೇಸಲ್ ವರ್ಬ್ ಅಂದರೆ 'ಗೋ' ಥರದ ಕ್ರಿಯಾಪದಕ್ಕೆ 'ಆಫ್' ಥರದ ಸಣ್ಣ ಪದ ಸೇರಿ ಬೇರೆಯೇ ಅರ್ಥ ಕೊಡುವ ಜೋಡಿ. ಹೆಸರು ಬೇಡ. ಕಾರ್ಡ್ ತಿರುಗಿಸಿ ಕಲಿಯುವಂಥದ್ದು, ಮೂರು ತಿಂಗಳು ಬಳಸಿದ್ದೇನೆ.

ಮೊದಲು ಹುಡುಕಿದ್ದೇ 'ಗೋ ಆಫ್'. ಕಾರ್ಡಿನಲ್ಲಿ ಒಂದೇ ಅರ್ಥ: ಸಿಡಿಯುವುದು. ಬಾಂಬಿಗೆ ಸರಿ. ಆದರೆ ಅಲಾರಂ 'ವೆಂಟ್ ಆಫ್' ಅಂದರೆ ಹೊಡೆದುಕೊಂಡಿತು, ಲೈಟ್ 'ವೆಂಟ್ ಆಫ್' ಅಂದರೆ ಆರಿತು. ಪೂರ್ತಿ ಉಲ್ಟಾ! ಹಾಲು 'ಗಾನ್ ಆಫ್' ಅಂದರೆ ಕೆಟ್ಟಿದೆ. ಇದು ಬ್ರಿಟಿಷರ ಮಾತು, ಅಮೆರಿಕದವರು 'ಗಾನ್ ಬ್ಯಾಡ್' ಅನ್ನುವುದೇ ಜಾಸ್ತಿ. ಮೀಟಿಂಗ್ 'ವೆಂಟ್ ಆಫ್ ವೆಲ್' ಅಂದರೆ ಚೆನ್ನಾಗಿ ನಡೆಯಿತು. ಇವೆಲ್ಲ ಆ್ಯಪ್‌ನಲ್ಲಿ ಇಲ್ಲ ಅಂತಲ್ಲ, ಮೂಲೆಯಲ್ಲಿ 'ಮೋರ್' ಅನ್ನುವ ಸಣ್ಣ ಬಟನ್ ಹಿಂದೆ ಅಡಗಿವೆ. ಮೊದಲ ತಿಂಗಳು ಅದು ನನ್ನ ಕಣ್ಣಿಗೇ ಬೀಳಲಿಲ್ಲ. ಟೆಸ್ಟಿನಲ್ಲಿ 'ಹಾಲು ಸಿಡಿಯಿತು' ಅಂತ ಒತ್ತಿ ಬಂದೆ.

ಹಾಗಂತ ಇಂಗ್ಲಿಷನ್ನೇ ಬೈಯುವ ಹಾಗಿಲ್ಲ. ನಮ್ಮ 'ಹೊಡೆ' ಏನು ಕಡಿಮೆಯಾ? ಗಂಟೆ ಹೊಡೆಯುತ್ತದೆ, ಗೋಡೆಗೆ ಬಣ್ಣ ಹೊಡೆಯುತ್ತೇವೆ, ನಿದ್ದೆ ಹೊಡೆಯುತ್ತೇವೆ, ಪರೀಕ್ಷೆಯಲ್ಲಿ ಕಾಪಿ ಕೂಡ. ಪಕ್ಕದ ಪದ ನೋಡಿಯೇ ಅರ್ಥ ಹಿಡಿಯುತ್ತೇವೆ ಅಲ್ವಾ? ಆ್ಯಪ್ ಎಡವಿರುವುದು ಇಲ್ಲೇ. ಕಾರ್ಡಿನ ಮೇಲೆ ಬರೀ 'ಗೋ ಆಫ್'. ಹೋಗಿದ್ದು ಹಾಲೋ, ಲೈಟೋ ಅಂತ ಸುಳಿವೇ ಇಲ್ಲ.

ತುಂಬಾ ಇಷ್ಟವಾಗಿದ್ದು 'ಸೆಟ್ ಆಫ್' ಪಾಠ. ಅಲಾರಂ ತಾನಾಗಿ 'ಗೋಸ್ ಆಫ್', ಹೊಗೆ ಅದನ್ನು 'ಸೆಟ್ಸ್ ಆಫ್' ಅಂದರೆ ಹೊಡೆದುಕೊಳ್ಳುವ ಹಾಗೆ ಮಾಡುತ್ತದೆ, ನಿಲ್ಲಿಸಲು 'ಟರ್ನ್ ಆಫ್'. ಅಲಾರಂ ನಿಲ್ಲಿಸಿದೆ ಅನ್ನಲು ನಾನು 'ಐ ವೆಂಟ್ ಆಫ್ ದ ಅಲಾರಂ' ಅಂತ ಬರೆದೆ. ಅದರರ್ಥ ಅಲಾರಂ ಮೇಲೆ ನನಗೆ ಮೊದಲಿದ್ದ ಪ್ರೀತಿ ಹೋಯಿತು ಅಂತ! ಸುಳ್ಳೇನಲ್ಲ ಬಿಡಿ. ಆಡಿಯೋ ಕೂಡ ಚೆನ್ನಾಗಿದೆ, ಒತ್ತು 'ವೆಂಟ್' ಮೇಲಲ್ಲ, 'ಆಫ್' ಮೇಲೆ ಅಂತ ಕಿವಿಗೆ ಗೊತ್ತಾಗುತ್ತದೆ.

'ಮೋರ್' ಬಟನ್ ದೊಡ್ಡದು ಮಾಡಿ ಅಂತ ಬರೆದು ಹಾಕಿದ್ದೇನೆ, ಉತ್ತರ ಬಂದಿಲ್ಲ. ರಾತ್ರಿ 9ಕ್ಕೆ ಮಾತ್ರ ಆ್ಯಪ್‌ನ ರಿಮೈಂಡರ್ ತಪ್ಪದೆ 'ಗೋಸ್ ಆಫ್'. ಅದನ್ನು 'ಟರ್ನ್ ಆಫ್' ಮಾಡುವುದು ಎಲ್ಲಿ ಅಂತ ಇನ್ನೂ ಹುಡುಕುತ್ತಿದ್ದೇನೆ.