ಫ್ರೆಂಚ್ ಸಿನಿಮಾ ಅಂತ ದುಡ್ಡು ತಗೊಂಡು ಇಂಗ್ಲಿಷ್ ರೀಮೇಕ್ ತೋರಿಸಿದರು, ಹುಷಾರು!

ಬೆಂಗಳೂರಿನಲ್ಲಿ ಕೆಫೆ ಮಹಡಿ ಮೇಲೆ ಪರದೆ ಕಟ್ಟಿ ಬೇರೆ ದೇಶದ ಸಿನಿಮಾ ತೋರಿಸುವವರು ಈಗ ಜಾಸ್ತಿ ಆಗಿದ್ದಾರೆ. ಎಲ್ಲರೂ ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಆದರೆ ನಾನು ಹೋದ ಶೋ ಮಾತ್ರ ಶುದ್ಧ ಮೋಸ. ದುಡ್ಡು ಕಳಿಸುವ ಮೊದಲು ಇದನ್ನು ಓದಿ.

ಪೋಸ್ಟರ್‌ನಲ್ಲಿ ಇದ್ದದ್ದು ‘ಲಾ ಫಾಮೀಯ್ ಬೆಲಿಯೇ’. 2014ರ ಫ್ರೆಂಚ್ ಸಿನಿಮಾ. ಹಳ್ಳಿಯಲ್ಲಿ ಹಸು ಸಾಕಿ, ಸಂತೆಯಲ್ಲಿ ಚೀಸ್ ಮಾರುವ ಕುಟುಂಬ. ಅಪ್ಪ, ಅಮ್ಮ, ತಮ್ಮ ಮೂವರಿಗೂ ಕಿವಿ ಕೇಳುವುದಿಲ್ಲ. ಮಗಳು ಪೋಲಾಗೆ ಮಾತ್ರ ಕೇಳುತ್ತದೆ, ಒಳ್ಳೆಯ ಕಂಠ ಬೇರೆ. ಆ ಪಾತ್ರ ಮಾಡಿದ ಲುವಾನ್‌ಗೆ ಸೆಸಾರ್, ಅಂದರೆ ಫ್ರಾನ್ಸಿನ ದೊಡ್ಡ ಸಿನಿಮಾ ಪ್ರಶಸ್ತಿ, ಬಂದಿತ್ತು. “ಮೂಲ ಫ್ರೆಂಚ್, ಇಂಗ್ಲಿಷ್ ಸಬ್‌ಟೈಟಲ್” ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದರು. ತಲೆಗೆ 450 ರೂಪಾಯಿ, ಮೊದಲೇ ಯುಪಿಐ.

ಅಕ್ಕನ ಮಗಳು ಪಿಯುಸಿಯಲ್ಲಿ ಫ್ರೆಂಚ್ ತಗೊಂಡಿದ್ದಾಳೆ. ಅವಳು, ಅವಳ ಗೆಳತಿಯರು, ಅಕ್ಕ, ಎಲ್ಲರ ದುಡ್ಡೂ ನಾನೇ ಕಟ್ಟಿದೆ. ಈ ಸಿನಿಮಾದಲ್ಲಿ ಬರುವ, ಫ್ರೆಂಚ್ ಗಾಯಕ ಮಿಶೆಲ್ ಸಾರ್ದು ಅವರ ಹಾಡನ್ನು ಹುಡುಗಿ ಬಾಯಿಪಾಠ ಮಾಡಿಕೊಂಡು ಬಂದಿದ್ದಳು.

ಲೈಟ್ ಆರಿಸಿದರು. ಪರದೆ ಮೇಲೆ ಸಮುದ್ರ. ದೋಣಿ. ಮೀನಿನ ರಾಶಿ. ಹುಡುಗಿಯೊಬ್ಬಳು ಇಂಗ್ಲಿಷ್ ಹಾಡು ಹಾಡುತ್ತಿದ್ದಾಳೆ. ಹಸು ಎಲ್ಲಿ? ಜಾಹೀರಾತು ಇರಬೇಕು ಅಂದುಕೊಂಡು ಸುಮ್ನೆ ಕೂತೆ. “ಚಿಕ್ಕಮ್ಮ, ಇದು ಯಾವಾಗ ಫ್ರೆಂಚ್ ಆಗುತ್ತೆ?” ಅಂತ ಅಕ್ಕನ ಮಗಳು ಕೇಳಿದಳು. ಅವಳ ಗೆಳತಿಯರು ಮುಖ ಮುಚ್ಚಿಕೊಂಡು ನಗುತ್ತಿದ್ದರು. ನನ್ನ ಮುಖ ಹೇಗಾಗಿರಬೇಡ!

ಅದು ‘ಕೋಡಾ’. ಅದೇ ಫ್ರೆಂಚ್ ಕಥೆಯನ್ನು ಇಟ್ಟುಕೊಂಡು 2021ರಲ್ಲಿ ಬಂದ ಅಮೆರಿಕದ ರೀಮೇಕ್! ಅದೂ ಯಾರದೋ ಲ್ಯಾಪ್‌ಟಾಪ್‌ನಿಂದ, ಅವರ ಸ್ವಂತ ಓಟಿಟಿ ಅಕೌಂಟ್‌ನಲ್ಲಿ. ಮಧ್ಯದಲ್ಲಿ “ನಿಮ್ಮ ಊಟ ಹೊರಟಿದೆ” ಅಂತ ಮೆಸೇಜ್ ಬೇರೆ ಪರದೆ ಮೇಲೆ ಬಂತು. ಅಂಥ ಅಕೌಂಟ್ ಇರುವುದು ಮನೆಯಲ್ಲಿ ನೋಡೋಕೆ, ಟಿಕೆಟ್ ಮಾರೋಕಲ್ಲ.

ಎದ್ದು ಹೋಗಿ ಕೇಳಿದೆ. ಶೋ ನಡೆಸುತ್ತಿದ್ದ ಹುಡುಗ ನಗುತ್ತಲೇ ಉತ್ತರ ಕೊಟ್ಟ. “ಮೇಡಂ, ಕಥೆ ಒಂದೇ ಅಲ್ವಾ? ಇದಕ್ಕೆ ಆಸ್ಕರ್ ಬೇರೆ ಬಂದಿದೆ. ನಿಮಗೆ ಅಪ್‌ಗ್ರೇಡ್ ಮಾಡಿದ ಹಾಗಾಯ್ತು.” ಅಪ್‌ಗ್ರೇಡ್ ಅಂತೆ! ತುಪ್ಪ ಅಂತ ಹೇಳಿ ಡಾಲ್ಡಾ ಬಡಿಸಿ, ಡಾಲ್ಡಾನೇ ಒಳ್ಳೆಯದು ಅಂದ ಹಾಗೆ. ನಾನು ಬಿಡಲಿಲ್ಲ. ಆಗ ಇನ್ನೊಂದು ಬಿಟ್ಟ. “ಅರ್ಧ ಸಿನಿಮಾ ಕೈಸನ್ನೆನೇ ಮೇಡಂ. ಸನ್ನೆಗೆ ಫ್ರೆಂಚ್ ಏನು, ಇಂಗ್ಲಿಷ್ ಏನು?”

ರೀ, ಫ್ರಾನ್ಸಿನ ಸನ್ನೆ ಭಾಷೆ ಬೇರೆ, ಅಮೆರಿಕದ್ದು ಬೇರೆ. ಇಂಥ ಕುಟುಂಬದ ಸಿನಿಮಾ ತೋರಿಸಿ ದುಡ್ಡು ಮಾಡುವವನಿಗೆ ಇಷ್ಟೂ ಗೊತ್ತಿಲ್ಲ.

ಕೋಡಾ ಕೆಟ್ಟ ಸಿನಿಮಾ ಅಲ್ಲ. 2022ರಲ್ಲಿ ಅತ್ಯುತ್ತಮ ಚಿತ್ರ ಅಂತ ಆಸ್ಕರ್ ಬಂದದ್ದೂ ನಿಜ. ಅದರಲ್ಲಿ ಅಪ್ಪ ಅಮ್ಮನ ಪಾತ್ರ ಮಾಡಿದವರು ನಿಜವಾಗಿಯೂ ಕಿವುಡರು. ಫ್ರೆಂಚ್‌ನಲ್ಲಿ ಆ ಪಾತ್ರಗಳನ್ನು ಕಿವಿ ಕೇಳುವ ನಟರಿಗೆ ಕೊಟ್ಟಿದ್ದರು, ಅದಕ್ಕೆ ಟೀಕೆಯೂ ಬಂದಿತ್ತು. ಎಲ್ಲ ಸರಿ. ಆದರೆ ನಾನು ದುಡ್ಡು ಕೊಟ್ಟದ್ದು ಫ್ರೆಂಚ್ ಸಿನಿಮಾಗೆ. ಫ್ರೆಂಚ್ ಸಿನಿಮಾಗೆ!

ಮನೆಗೆ ಬಂದು ವಾಟ್ಸಾಪ್‌ನಲ್ಲಿ ದುಡ್ಡು ವಾಪಸ್ ಕೇಳಿದೆ. ಮೊದಲು “ಟೆಕ್ನಿಕಲ್ ಪ್ರಾಬ್ಲಂ”. ಆಮೇಲೆ “ನಾನ್ ರಿಫಂಡಬಲ್”. ಆಮೇಲೆ “ಕೊನೆವರೆಗೂ ಕೂತು ನೋಡಿದ್ರಲ್ಲ ಮೇಡಂ”. ಹೊರಗೆ ಮಳೆ ಸುರಿಯುತ್ತಿತ್ತು ಮಾರಾಯ, ಮಕ್ಕಳನ್ನು ಕರೆದುಕೊಂಡು ಎಲ್ಲಿಗೆ ಹೋಗಲಿ? ಕೊನೆಗೆ ಮುಂದಿನ ಶೋಗೆ ಹತ್ತು ಪರ್ಸೆಂಟ್ ಕಡಿಮೆ ಮಾಡ್ತೀನಿ ಅಂದ. ನಾನು ಬೈದೆ. ಬ್ಲಾಕ್ ಮಾಡಿದ. ಪೋಸ್ಟರ್ ಕೂಡ ಡಿಲೀಟ್ ಮಾಡಿದ್ದಾನೆ.

ಇಂಥ ಕಡೆ ಹೋಗುವುದಿದ್ದರೆ ಭಾಷೆ ಯಾವುದು, ನಿರ್ದೇಶಕರು ಯಾರು ಅಂತ ಮೆಸೇಜ್‌ನಲ್ಲೇ ಕೇಳಿ, ಉತ್ತರ ಇಟ್ಟುಕೊಳ್ಳಿ. ಈ ಕಥೆಗೇ ಎರಿಕ್ ಲಾರ್ತಿಗೋ ಅಂದರೆ ಫ್ರೆಂಚ್, ಸಿಯಾನ್ ಹೆಡರ್ ಅಂದರೆ ಇಂಗ್ಲಿಷ್. ಫ್ರೆಂಚ್ ಸಿನಿಮಾನೇ ಬೇಕು ಅಂದರೆ ವಸಂತನಗರದಲ್ಲಿರುವ ಫ್ರೆಂಚ್ ಭಾಷಾ ಕೇಂದ್ರ ಅಲಿಯಾನ್ಸ್ ಫ್ರಾನ್ಸೆಯ ಕಾರ್ಯಕ್ರಮಗಳನ್ನು ನೋಡಿ, ಇಲ್ಲ ಬೆಂಗಳೂರು ಚಿತ್ರೋತ್ಸವಕ್ಕೆ ಕಾಯಿರಿ.

ಗ್ರಾಹಕರ ಸಹಾಯವಾಣಿ 1915ಕ್ಕೆ ನಾನು ದೂರು ಕೊಟ್ಟಿದ್ದೇನೆ. ಪೋಸ್ಟರ್‌ನ ಸ್ಕ್ರೀನ್‌ಶಾಟ್ ನನ್ನ ಹತ್ತಿರ ಇದೆ. ಆ ಸಂಜೆ ಅಲ್ಲಿ ಕೂತಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ ಕೇಳಿ, ಕಳಿಸುತ್ತೇನೆ. ನೀವೂ ದೂರು ಕೊಡಿ.