ವಾರ್ಡ್ ಸಮಿತಿಗೆ ಹೆಸರು ಕೊಡುವ ಮುನ್ನ

ಮಹಾನಗರ ಪಾಲಿಕೆಯ ವಾರ್ಡ್ ಸಮಿತಿಗೆ ಸದಸ್ಯರಾಗಲು ಅರ್ಜಿ ಹಾಕಬೇಕೆಂದಿರುವವರು, ಅಥವಾ ‘ನಿಮ್ಮ ಹೆಸರು ಕೊಟ್ಟಿದ್ದೇವೆ, ಬಂದು ಒಂದು ಸಹಿ ಹಾಕಿ ಹೋಗಿ’ ಎಂದು ಯಾರಿಂದಲೋ ಕರೆ ಬಂದಿರುವವರು ದಯವಿಟ್ಟು ಇದನ್ನು ಓದಬೇಕು. ನಾನು ಅಂಥ ಸಮಿತಿಯೊಂದರ ಸದಸ್ಯೆಯಾಗಿದ್ದೆ. ಈಗಲೂ ಆಗಿದ್ದೇನೋ ಇಲ್ಲವೋ ಎಂಬುದು ಪಾಲಿಕೆಯ ಯಾವ ಕಡತದಿಂದಲೂ ತಿಳಿಯುತ್ತಿಲ್ಲ. ನಾನು ನೋಡದ, ಕೇಳದ, ಒಪ್ಪದ ನಿರ್ಣಯವೊಂದರ ಜೊತೆ ನನ್ನ ಸಹಿ ಇದೆ, ಆ ನಿರ್ಣಯದಿಂದಾಗಿ ನಮ್ಮ ವಾರ್ಡಿನ ಒಂದು ಕಾಲೊನಿಯ ಚರಂಡಿ ಕಾಮಗಾರಿ ಕೈತಪ್ಪಿ ಹೋಯಿತು. ಊರಿನ ಹೆಸರನ್ನಾಗಲಿ, ಸಂಬಂಧಪಟ್ಟವರ ಹೆಸರನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ವಿಷಯ ಇನ್ನೂ ಮೇಲ್ಮನವಿಯಲ್ಲಿದೆ. ಅಲ್ಲದೆ ಬೇರೆ ಊರುಗಳ ಪರಿಚಿತರೊಡನೆ ಮಾತಾಡಿದ ಮೇಲೆ ಇದು ನಮ್ಮೂರಿಗೆ ಮಾತ್ರ ಅಂಟಿದ ಜಾಡ್ಯವಲ್ಲ ಎಂಬುದು ನನಗೆ ಖಾತ್ರಿಯಾಗಿದೆ.

ಮೊದಲಿಗೆ ಒಂದು ಮಾತು: ವಾರ್ಡ್ ಸಮಿತಿ ಎನ್ನುವುದು ಯಾವ ಕಾರ್ಪೊರೇಟರ್ ನಮಗೆ ಮಾಡುವ ಉಪಕಾರವೂ ಅಲ್ಲ. 1992ರ 74ನೇ ಸಂವಿಧಾನ ತಿದ್ದುಪಡಿಯಿಂದ ಬಂದ 243-ಎಸ್ ವಿಧಿಯ ಪ್ರಕಾರ ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಇಂಥ ಸಮಿತಿಗಳು ಇರಲೇಬೇಕು. ನಮ್ಮ ರಾಜ್ಯದ 1976ರ ಮಹಾನಗರ ಪಾಲಿಕೆಗಳ ಕಾಯ್ದೆಗೆ ತಿದ್ದುಪಡಿಯಾಗಿ, 2016ರಲ್ಲಿ ನಿಯಮಗಳೂ ಬಂದ ಮೇಲೆ ಸಮಿತಿಯ ಸ್ವರೂಪ ಸ್ಪಷ್ಟವಾಯಿತು: ವಾರ್ಡಿನ ಕಾರ್ಪೊರೇಟರ್ ಅಧ್ಯಕ್ಷರು, ನಾಮನಿರ್ದೇಶನಗೊಂಡ ಹತ್ತು ಮಂದಿ ಸದಸ್ಯರು, ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಕನಿಷ್ಠ ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘಗಳ ಪ್ರತಿನಿಧಿಗಳು. ಕಸ, ಬೀದಿದೀಪ, ನೀರು, ಉದ್ಯಾನ ಇವೆಲ್ಲದರ ಮೇಲೆ ಕಣ್ಣಿಡುವುದು, ವಾರ್ಡಿನ ಅಭಿವೃದ್ಧಿ ಯೋಜನೆ ತಯಾರಿಸುವುದು ಅದರ ಕೆಲಸ. ಬೆಂಗಳೂರಿನಲ್ಲಿ ಹೈಕೋರ್ಟಿನ ಒತ್ತಾಯದಿಂದಾಗಿ ಸಮಿತಿಗಳು ರಚನೆಯಾಗಿ, ತಿಂಗಳ ಮೊದಲ ಶನಿವಾರ ಸಭೆ ನಡೆಸುವ ಪರಿಪಾಠವೂ ಬಂತು. ಅಲ್ಲಿನ ಕೆಲವು ವಾರ್ಡುಗಳಲ್ಲಿ ಜನ ಪಟ್ಟು ಹಿಡಿದು ಒಳ್ಳೆಯ ಕೆಲಸ ಮಾಡಿಸಿಕೊಂಡಿದ್ದಾರೆ. ಹಾಗಾಗಿ ಸಮಿತಿಗಳೇ ಬೇಡ ಎಂಬ ವಾದ ನನ್ನದಲ್ಲ. ನೇಮಕದ ರೀತಿಯಲ್ಲಿಯೇ ಒಂದು ಹುಳುಕಿದೆ, ಅದನ್ನು ತಿಳಿಯದೆ ಒಳಗೆ ಕಾಲಿಡಬೇಡಿ ಎನ್ನುತ್ತಿದ್ದೇನೆ.

ನಮ್ಮದು ಊರಿನ ಅಂಚಿನ ವಾರ್ಡು. ಕೆಲವು ವರ್ಷಗಳ ಹಿಂದಿನವರೆಗೆ ಗ್ರಾಮ ಪಂಚಾಯಿತಿಯಾಗಿದ್ದ ಜಾಗವದು. ಜೋಳದ ಹೊಲಗಳಿದ್ದಲ್ಲಿ ಬಡಾವಣೆಗಳು ಎದ್ದವು, ಬಡಾವಣೆಗಳ ನಡುವೆ ಹಳೆಯ ಊರು ಉಳಿಯಿತು, ಹಳೆಯ ಊರಿನ ಹಿಂದೆ, ತಗ್ಗಿನಲ್ಲಿ, ಮೇಲಿನ ಎಲ್ಲರ ಮನೆಯ ನೀರು ಹರಿದು ಬಂದು ನಿಲ್ಲುವ ಕಡೆ ಆ ಕಾಲೊನಿ ಇದೆ. ಇಂಥ ಕಡೆ ಯಾವ ಬೀದಿಗೆ ಮೊದಲು ಚರಂಡಿ, ಯಾವ ಬೀದಿಗೆ ಮೊದಲು ಕಾಂಕ್ರೀಟು ಎನ್ನುವುದರಲ್ಲಿಯೇ ಇಡೀ ವಾರ್ಡಿನ ರಾಜಕಾರಣ ಅಡಗಿರುತ್ತದೆ. ನಾನು ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿ. ಸಂಘ ನೋಂದಣಿಯಾಗಿ ಬಹಳ ಕಾಲವಾಗಿದೆ, ಪ್ರತಿವರ್ಷ ಲೆಕ್ಕಪತ್ರ ಸಲ್ಲಿಸುತ್ತೇವೆ. ಆದ್ದರಿಂದ ಅರ್ಜಿ ಕರೆದಾಗ ನಿವಾಸಿಗಳ ಸಂಘದ ಪ್ರತಿನಿಧಿ ಎಂಬ ವರ್ಗದಲ್ಲಿ, ನೋಂದಣಿ ಪ್ರಮಾಣಪತ್ರದ ಪ್ರತಿ ಲಗತ್ತಿಸಿ ಅರ್ಜಿ ಕೊಟ್ಟೆ.

ನಾಮನಿರ್ದೇಶನದ ಆದೇಶ ಹೊರಬಿದ್ದಾಗ ನನ್ನ ಹೆಸರು ಇತ್ತು, ಆದರೆ ಮಹಿಳಾ ವರ್ಗದಲ್ಲಿ. ಸಂಘಗಳಿಗೆ ಮೀಸಲಾದ ಎರಡು ಸ್ಥಾನಗಳಲ್ಲಿ ಒಂದಕ್ಕೆ ನಾವು ಯಾರೂ ಹೆಸರು ಕೇಳಿರದ, ಅದೇ ವರ್ಷ ನೋಂದಣಿಯಾದ ಸಂಘವೊಂದರ ಪ್ರತಿನಿಧಿ ಬಂದಿದ್ದರು. ಆ ಸಂಘದ ವಿಳಾಸ ಹುಡುಕಿಕೊಂಡು ಹೋದರೆ ಸಿಕ್ಕಿದ್ದು ಪಾಲಿಕೆಯ ಗುತ್ತಿಗೆದಾರರೊಬ್ಬರ ಕಚೇರಿ. ಹೊರಗೆ ಜಲ್ಲಿ, ಎಂ-ಸ್ಯಾಂಡ್ ರಾಶಿ, ಒಳಗೆ ಟೆಂಡರ್ ಕಡತಗಳು. ಮಹಿಳಾ ವರ್ಗದ ಇನ್ನಿಬ್ಬರು ಸದಸ್ಯೆಯರ ಪೈಕಿ ಒಬ್ಬರನ್ನು ನಾನು ಯಾವ ಸಭೆಯಲ್ಲಿಯೂ ನೋಡಲಿಲ್ಲ. ಅವರ ಯಜಮಾನರು ಬಂದು ಅವರ ಕುರ್ಚಿಯಲ್ಲಿ ಕೂರುತ್ತಿದ್ದರು, ಅದಕ್ಕೆ ಯಾರೂ ಆಕ್ಷೇಪ ಎತ್ತುತ್ತಿರಲಿಲ್ಲ. ಕಾಗದದ ಮೇಲೆ ನೋಡಿದರೆ ಎಲ್ಲ ವರ್ಗಗಳ ಲೆಕ್ಕವೂ ಸರಿಯಾಗಿತ್ತು. ಕಾನೂನಿನ ಪ್ರಕಾರ ಸದಸ್ಯರನ್ನು ನಾಮನಿರ್ದೇಶನ ಮಾಡುವುದು ಪಾಲಿಕೆ; ನಮ್ಮಲ್ಲಿ ಆ ಪಟ್ಟಿ ಸಿದ್ಧವಾದದ್ದು ಕಾರ್ಪೊರೇಟರ್ ಮನೆಯ ವರಾಂಡದಲ್ಲಿ ಎಂಬುದನ್ನು ವಲಯ ಕಚೇರಿಯ ಗುಮಾಸ್ತರೇ ನಗುನಗುತ್ತ ಹೇಳಿದರು. ಯಾರ ಕೆಲಸದ ಮೇಲೆ ಕಣ್ಣಿಡಬೇಕೋ ಅವರೇ ಕಣ್ಣಿಡುವವರನ್ನು ಆರಿಸಿಕೊಂಡಿದ್ದರು. ಹಾಗಾದರೆ ನನ್ನನ್ನೇಕೆ ಸೇರಿಸಿಕೊಂಡರು ಎಂದು ನೀವು ಕೇಳಬಹುದು. ಯಾವ ಪಕ್ಷಕ್ಕೂ ಸೇರದ, ಬಡಾವಣೆಯಲ್ಲಿ ಹೆಸರಿರುವ ಒಬ್ಬರು ಪಟ್ಟಿಯಲ್ಲಿದ್ದರೆ ಪಟ್ಟಿಗೆ ಒಂದು ಗೌರವ ಬರುತ್ತದೆ. ಹತ್ತರಲ್ಲಿ ಒಬ್ಬರು ಎಷ್ಟು ಮಾತಾಡಿದರೂ ತೊಂದರೆಯಿಲ್ಲ.

ಸಭೆಗಳು ನಡೆಯುತ್ತಿದ್ದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಮೋಸ ನಡೆದದ್ದು ಅಲ್ಲಿಯೇ. ಸಭೆಯ ಸೂಚನೆ ಹಿಂದಿನ ದಿನ ಸಂಜೆ ವಾಟ್ಸ್ಆ್ಯಪ್‌ನಲ್ಲಿ ಬರುತ್ತಿತ್ತು. ಕಾರ್ಯಸೂಚಿ ಎಂಬ ತಲೆಬರಹದ ಕೆಳಗೆ ‘ವಾರ್ಡಿನ ಕುಂದುಕೊರತೆಗಳು’ ಮತ್ತು ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು’ ಎಂಬ ಎರಡೇ ಸಾಲು. ವಾರ್ಡ್ ಕಚೇರಿಯಲ್ಲಿ ಕಾರ್ಪೊರೇಟರ್ ಬರುವವರೆಗೆ ಕಾಯುವುದು, ಅಷ್ಟರಲ್ಲಿ ಚಹಾ, ಚಹಾದ ಜೊತೆಗೆ ಹಾಜರಿ ಹಾಳೆ. ಹಾಜರಿ ಪುಸ್ತಕವಲ್ಲ, ಬಿಡಿ ಹಾಳೆ: ಕ್ರಮಸಂಖ್ಯೆ, ಹೆಸರು, ಸಹಿ ಎಂಬ ಮೂರು ಅಂಕಣಗಳ ಜೆರಾಕ್ಸ್ ಪ್ರತಿ. ಮೇಲ್ಭಾಗದಲ್ಲಿ ನಾಲ್ಕು ಬೆರಳಿನಷ್ಟು ಜಾಗ ಖಾಲಿ. ಸಭೆಯ ದಿನಾಂಕವೂ ಇಲ್ಲ, ವಿಷಯವೂ ಇಲ್ಲ. ಎಂಜಿನಿಯರ್ ಹತ್ತು ನಿಮಿಷ ಕೂತು ಎದ್ದು ಹೋಗುತ್ತಿದ್ದರು. ಮಾತೆಲ್ಲ ಬೀದಿನಾಯಿ, ಆಟೊ ಟಿಪ್ಪರ್ ಬರುವ ಹೊತ್ತು, ಕೆಟ್ಟುಹೋದ ದೀಪಗಳ ಸುತ್ತ ಸುತ್ತಿ ಮುಗಿಯುತ್ತಿತ್ತು. ಹಿಂದಿನ ಸಭೆಯ ನಡಾವಳಿ ಓದಿ ಎಂದು ಕೇಳಿದರೆ, ‘ಟೈಪ್ ಆಗ್ತಿದೆ ಮೇಡಂ, ಗ್ರೂಪ್‌ನಲ್ಲಿ ಹಾಕ್ತೀವಿ’ ಎಂಬ ಉತ್ತರ ಬರುತ್ತಿತ್ತು. ಗ್ರೂಪ್‌ನಲ್ಲಿ ಬಂದದ್ದು ಹಬ್ಬಗಳ ಶುಭಾಶಯ, ಕಾರ್ಪೊರೇಟರ್ ಉದ್ಘಾಟನೆ ಮಾಡಿದ ಫೋಟೋಗಳು.

ಕಾಲೊನಿಯಿಂದ ಪರಿಶಿಷ್ಟರ ಸ್ಥಾನಕ್ಕೆ ಬಂದಿದ್ದ ಹಿರಿಯರೊಬ್ಬರು ಮೊದಲ ಸಭೆಯಲ್ಲಿ ಎದ್ದು ನಿಂತು ತಮ್ಮ ಕೇರಿಯ ಚರಂಡಿಯ ವಿಷಯ ಹೇಳಿದರು. ಮಳೆಗಾಲದಲ್ಲಿ ಯುಜಿಡಿ, ಎಂದರೆ ನೆಲದಡಿಯ ಒಳಚರಂಡಿ, ಉಕ್ಕಿ ಅಡುಗೆಮನೆಗೆ ಬರುವುದನ್ನು ಅವರು ವಿವರಿಸುವಾಗ ಸಭೆ ನಿಶ್ಶಬ್ದವಾಗಿತ್ತು, ಅಧ್ಯಕ್ಷರು ‘ಈ ಸಲದ ಕ್ರಿಯಾಯೋಜನೆಯಲ್ಲಿ ಅದೇ ಮೊದಲನೆಯ ಕೆಲಸ’ ಎಂದರು. ಆ ವರ್ಷದ ಕ್ರಿಯಾಯೋಜನೆಯಲ್ಲಿ ಅದು ನಿಜಕ್ಕೂ ಮೊದಲನೆಯ ಸಾಲಿನಲ್ಲಿಯೇ ಇತ್ತು. ಆಮೇಲೆ ಆ ಹಿರಿಯರು ಮಗಳ ಮನೆಗೆಂದು ಬೇರೆ ಊರಿಗೆ ಹೋದರು, ಮುಂದಿನ ಯಾವ ಸಭೆಗೂ ಬರಲಿಲ್ಲ.

ಪಾಲಿಕೆಯ ಚುನಾಯಿತ ಪರಿಷತ್ತಿನ ಅವಧಿ ಮುಗಿಯಲು ಕೆಲವೇ ವಾರ ಉಳಿದಿದ್ದಾಗ ಕೆಲಸ ಶುರುವಾಯಿತು, ಆದರೆ ಕಾಲೊನಿಯಲ್ಲಲ್ಲ. ಹೊಸ ಬಡಾವಣೆಯೊಂದರ ಮುಂದೆ, ಇನ್ನೂ ಮನೆಗಳೇ ಏಳದ ಸೈಟುಗಳ ಸಾಲಿನ ಉದ್ದಕ್ಕೂ ಬಾಕ್ಸ್ ಚರಂಡಿ ಬಂತು. ಕಾಲೊನಿಯವರು ವಲಯ ಕಚೇರಿಗೆ ಹೋಗಿ ಕೇಳಿದರೆ, ಸ್ಥಳ ಬದಲಾವಣೆಗೆ ನಿಮ್ಮ ವಾರ್ಡ್ ಸಮಿತಿಯೇ ಸರ್ವಾನುಮತದಿಂದ ಒಪ್ಪಿದೆ ಎಂದು ಅಲ್ಲಿನವರು ಕಾಗದ ತೋರಿಸಿದರು. ಅದೇ ದಿನ ಸಂಜೆ ಕಾಲೊನಿಯ ಹೆಂಗಸರು ನಮ್ಮ ಮನೆಗೆ ಬಂದರು. ಜಗಳಕ್ಕೆ ಬಂದಿರಲಿಲ್ಲ, ‘ನೀವೂ ಒಪ್ಪಿಬಿಟ್ರಂತಲ್ಲ ತಾಯಿ, ನಿಮ್ಮ ಸಹಿ ಇದೆ ಅಂದ್ರು’ ಎಂದರು. ಬೈದಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು.

ಮಾಹಿತಿ ಹಕ್ಕಿನಲ್ಲಿ ಆ ನಡಾವಳಿಯ ಪ್ರತಿ ತೆಗೆಸಿದೆ. ನಿರ್ಣಯದ ಹಾಳೆಯಲ್ಲಿ ಯಾರ ಸಹಿಯೂ ಇಲ್ಲ, ಸಮಿತಿಯ ಅಧ್ಯಕ್ಷರ ಮತ್ತು ಸಮಿತಿಯ ಕಾರ್ಯದರ್ಶಿಯ ಸಹಿಗಳನ್ನು ಬಿಟ್ಟರೆ. ಅದರ ಹಿಂದೆ ಪಿನ್ ಮಾಡಿದ್ದು ಹಾಜರಿ ಹಾಳೆ. ಖಾಲಿ ಬಿಟ್ಟಿದ್ದ ಮೇಲ್ಭಾಗದಲ್ಲಿ ಈಗ ಸಭೆಯ ದಿನಾಂಕ, ವಿಷಯ, ‘ಈ ಕೆಳಗೆ ಸಹಿ ಮಾಡಿರುವ ಸದಸ್ಯರೆಲ್ಲರೂ ಅನುಮೋದಿಸಿರುತ್ತಾರೆ’ ಎಂಬ ಬೆರಳಚ್ಚಿನ ಸಾಲು. ಏಳನೆಯ ಸಹಿ ಕಾಲೊನಿಯ ಆ ಹಿರಿಯರದು. ಅವರು ಬಂದದ್ದು ಮೊದಲ ಸಭೆಗೆ ಮಾತ್ರ. ಹಾಳೆಯ ಮೇಲಿನ ದಿನಾಂಕದ ಹೊತ್ತಿಗೆ ಅವರು ಊರಿನಲ್ಲಿಯೇ ಇರಲಿಲ್ಲ. ತಮ್ಮ ಕೇರಿಗೆ ಚರಂಡಿ ಬೇಕೆಂದು ಕೇಳಿದ ದಿನ ಅವರು ಹಾಕಿದ ಸಹಿಯನ್ನೇ ಆ ಚರಂಡಿಯನ್ನು ತಪ್ಪಿಸುವುದಕ್ಕೆ ಬಳಸಿಕೊಳ್ಳಲಾಗಿತ್ತು. ಇದನ್ನು ಫೋನಿನಲ್ಲಿ ಅವರಿಗೆ ಹೇಳಬೇಕಾಗಿ ಬಂದದ್ದು ಈ ಇಡೀ ವ್ಯವಹಾರದಲ್ಲಿ ನನಗೆ ಅತ್ಯಂತ ಕಷ್ಟದ ಕೆಲಸವಾಗಿತ್ತು.

ಆಯುಕ್ತರಿಗೆ ದೂರು ಬರೆದೆ. ಅದು ‘ಸೂಕ್ತ ಕ್ರಮಕ್ಕಾಗಿ’ ಎಂಬ ಷರಾದೊಂದಿಗೆ ವಲಯ ಕಚೇರಿಗೆ, ಅಲ್ಲಿಂದ ಸಮಿತಿಯ ಕಾರ್ಯದರ್ಶಿಗೆ, ಎಂದರೆ ಹಾಳೆಯನ್ನು ಪಿನ್ ಮಾಡಿದ ಕೈಗೇ ಹೋಗಿ ಸೇರಿತು. ಅಷ್ಟರಲ್ಲಿ ಪರಿಷತ್ತಿನ ಅವಧಿ ಮುಗಿದು ಆಡಳಿತಾಧಿಕಾರಿಗಳು ಬಂದಿದ್ದರು. ಪರಿಷತ್ತೇ ಇಲ್ಲದ ಮೇಲೆ ಸಮಿತಿ ಎಲ್ಲಿದೆ ಎಂದು ಒಬ್ಬರು, ಹೊಸ ಆದೇಶ ಬರುವವರೆಗೆ ಹಳೆಯ ಸಮಿತಿಯೇ ಎಂದು ಇನ್ನೊಬ್ಬರು ಹೇಳಿದರು. ರಾಜೀನಾಮೆ ಕೊಡಲು ಹೋದರೆ ಅದನ್ನು ಅಂಗೀಕರಿಸುವವರು ಯಾರೆಂದು ನನ್ನನ್ನೇ ಕೇಳಿದರು. ನಮ್ಮ ನೇಮಕದ ಆದೇಶದಲ್ಲಿ ಅವಧಿಯ ಬಗ್ಗೆ ಒಂದಕ್ಷರವೂ ಇರಲಿಲ್ಲ, ಸದಸ್ಯರಿಗೆ ಆದೇಶದ ಪ್ರತಿಯನ್ನು ಪ್ರತ್ಯೇಕವಾಗಿ ಕೊಟ್ಟಿರಲೂ ಇಲ್ಲ. ನಾವೆಲ್ಲ ನೋಡಿದ್ದು ಗ್ರೂಪ್‌ನಲ್ಲಿ ಬಂದ ಒಂದು ಫೋಟೋ ಮಾತ್ರ.

ಈಗ ಸೇರಬೇಕೆಂದಿರುವವರು ಇದರಿಂದ ಏನು ತಿಳಿಯಬೇಕು ಎಂದರೆ, ನೇಮಕದ ಆದೇಶದ ಪ್ರತಿಯನ್ನು ಕೈಯಲ್ಲಿ ಹಿಡಿಯದೆ ಮೊದಲ ಸಭೆಗೆ ಹೋಗಬೇಡಿ. ಯಾವ ವರ್ಗದಲ್ಲಿ ನಿಮ್ಮನ್ನು ತೆಗೆದುಕೊಂಡಿದ್ದಾರೆ, ಅವಧಿ ಎಷ್ಟು, ಕಾರ್ಯದರ್ಶಿ ಯಾರು ಎಂಬುದನ್ನು ನೋಡಿ. ನೀವು ಅರ್ಜಿ ಹಾಕಿದ ವರ್ಗ ಬೇರೆಯಾಗಿದ್ದರೆ ಆಗಲೇ ಪತ್ರ ಬರೆಯಿರಿ, ಏಕೆಂದರೆ ನಿಮ್ಮ ಜಾಗದಲ್ಲಿ ಯಾರನ್ನು ಕೂರಿಸಿದ್ದಾರೆ ಎನ್ನುವುದು ಆ ಬದಲಾವಣೆಯಲ್ಲಿಯೇ ಗೊತ್ತಾಗುತ್ತದೆ. ಉಳಿದ ಒಂಬತ್ತು ಮಂದಿಯ ಪಟ್ಟಿಯನ್ನೂ ಓದಿ, ಸಂಘಗಳ ನೋಂದಣಿ ಸಂಖ್ಯೆ, ವಿಳಾಸ ಕೇಳಿ. ಹಾಜರಿಗೆ ಬಿಡಿ ಹಾಳೆ ಬಂದರೆ ಮೇಲ್ಭಾಗದಲ್ಲಿ ದಿನಾಂಕವನ್ನೂ ‘ಹಾಜರಿಗೆ ಮಾತ್ರ’ ಎಂಬ ಎರಡು ಪದಗಳನ್ನೂ ನೀವೇ ಕೈಯಾರೆ ಬರೆದು, ಸಹಿಯ ಪಕ್ಕದಲ್ಲಿ ಇನ್ನೊಮ್ಮೆ ದಿನಾಂಕ ಹಾಕಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ‘ಇಷ್ಟೊಂದು ಅನುಮಾನವಾ ಮೇಡಂ’ ಎಂದು ನಗುತ್ತಾರೆ, ನಗಲಿ.

ನಡಾವಳಿಯ ಪ್ರತಿಗಾಗಿ ಅಂಗಲಾಚುವ ಅಗತ್ಯವೂ ಇಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕಾರ ಪ್ರತಿ ಸಾರ್ವಜನಿಕ ಪ್ರಾಧಿಕಾರವೂ ತನ್ನ ಸಲಹೆಗಾಗಿ ರಚಿಸಿದ ಮಂಡಳಿ, ಸಮಿತಿಗಳ ವಿವರವನ್ನು, ಅವುಗಳ ಸಭೆಗೆ ಸಾರ್ವಜನಿಕರಿಗೆ ಪ್ರವೇಶವಿದೆಯೇ, ನಡಾವಳಿ ಜನರಿಗೆ ದೊರೆಯುತ್ತದೆಯೇ ಎಂಬುದನ್ನು ತಾನಾಗಿಯೇ ಪ್ರಕಟಿಸಬೇಕು. ಪ್ರಕಟಿಸಿಲ್ಲವಾದರೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಅರ್ಜಿ ಹಾಕಿ. 30 ದಿನಗಳಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಪ್ರಥಮ ಮೇಲ್ಮನವಿ ಹಾಕಬಹುದು. ಅರ್ಜಿಯಲ್ಲಿ ‘ನಡಾವಳಿ’ ಎಂದಷ್ಟೇ ಬರೆದರೆ ನಿರ್ಣಯದ ಹಾಳೆ ಮಾತ್ರ ಬರುವ ಸಾಧ್ಯತೆ ಹೆಚ್ಚು. ‘ಹಾಜರಿ ಹಾಳೆ ಹಾಗೂ ಎಲ್ಲ ಅನುಬಂಧಗಳ ಸಹಿತ’ ಎಂದು ಸ್ಪಷ್ಟವಾಗಿ ಬರೆಯಿರಿ. ನನ್ನ ಪ್ರಕರಣದಲ್ಲಿ ಸತ್ಯ ಹೊರಬಿದ್ದದ್ದು ಅನುಬಂಧದಿಂದಲೇ.

ಬೆಂಗಳೂರಿನವರಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. 2020ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಪರಿಷತ್ತಿನ ಅವಧಿ ಮುಗಿದು ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2025ರಲ್ಲಿ ಆ ಒಂದು ಪಾಲಿಕೆಯ ಜಾಗಕ್ಕೆ ಐದು ನಗರ ಪಾಲಿಕೆಗಳು ಬಂದವು, 198 ವಾರ್ಡುಗಳಿದ್ದಲ್ಲಿ 369 ವಾರ್ಡುಗಳಾದವು. ಅಷ್ಟು ವಾರ್ಡುಗಳಿಗೂ ಸಮಿತಿ ಬೇಕು, ಅಷ್ಟು ಸಮಿತಿಗಳಿಗೂ ಸ್ವಯಂಸೇವಕರು ಬೇಕು. ತರಾತುರಿಯಲ್ಲಿ ಪಟ್ಟಿಗಳು ತಯಾರಾಗುವ ಕಾಲವೇ ಇದು. ಅಂಥ ಪಟ್ಟಿಯಲ್ಲಿ ಖಾಲಿ ಇರುವ ವರ್ಗಕ್ಕೆ ಯಾರದೋ ಹೆಸರು ಬೇಕಾಗಿರುತ್ತದೆ, ಒಳ್ಳೆಯ ಹೆಸರಾದರೆ ಇನ್ನೂ ಒಳ್ಳೆಯದು. ಹುಬ್ಬಳ್ಳಿ-ಧಾರವಾಡ, ಮಂಗಳೂರಿನಂಥ ಪಾಲಿಕೆಗಳಲ್ಲಿ ಈಗಾಗಲೇ ಅನುಭವ ಪಡೆದವರಿದ್ದಾರೆ. ಅರ್ಜಿ ಹಾಕುವ ಮೊದಲು ಅಂಥವರಲ್ಲಿ ಒಬ್ಬರನ್ನಾದರೂ ವಿಚಾರಿಸಿ.

ಈಗಾಗಲೇ ಖಾಲಿ ಹಾಳೆಗಳ ಮೇಲೆ ಸಹಿ ಹಾಕಿರುವ ಸದಸ್ಯರು ಮಾಡಬಹುದಾದ ಒಂದು ಕೆಲಸವಿದೆ. ನೀವು ಇದುವರೆಗೆ ಹಾಕಿರುವ ಸಹಿಗಳು ಹಾಜರಿಗೆ ಮಾತ್ರ ಸೀಮಿತ, ನಿಮ್ಮ ಮುಂದೆ ಓದಿ ಹೇಳದ ಯಾವ ನಿರ್ಣಯಕ್ಕೂ ನಿಮ್ಮ ಒಪ್ಪಿಗೆಯಿಲ್ಲ ಎಂದು ಕಾರ್ಯದರ್ಶಿಗೆ ಒಂದು ಪುಟದ ಪತ್ರ ಬರೆದು, ಆಯುಕ್ತರಿಗೂ ಲೆಕ್ಕಪತ್ರ ವಿಭಾಗಕ್ಕೂ ಪ್ರತಿ ಕೊಡಿ. ಪತ್ರವನ್ನು ಮೇಜಿನ ಮೇಲೆ ಇಟ್ಟು ಬರಬೇಡಿ. ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು ಮತ್ತು ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ಲೆಕ್ಕಪತ್ರ ವಿಭಾಗಕ್ಕೂ ಏಕೆಂದರೆ, ಗುತ್ತಿಗೆದಾರರ ಬಿಲ್ ಪಾಸಾಗುವುದು ಅಲ್ಲಿ. ಬಿಲ್ಲಿನ ಕಡತದಲ್ಲಿ ಸಮಿತಿಯ ಅನುಮೋದನೆಯ ಜೊತೆಗೆ ಸದಸ್ಯರೊಬ್ಬರ ತಕರಾರು ಪತ್ರವೂ ಇದ್ದರೆ, ಸಹಿ ಹಾಕಬೇಕಾದ ಅಧಿಕಾರಿ ಸ್ವಲ್ಪ ತಡೆಯುತ್ತಾರೆ. ನಮ್ಮಲ್ಲಿ ಎರಡನೆಯ ಕಂತಿನ ಬಿಲ್ ನಿಂತಿರುವುದು ಹಾಗೆಯೇ.