ಸೋಲಾರ್ ಹಾಕಿಸುವ ಮೊದಲು ಪಿವಿಜಿಐಎಸ್ ತೆರೆದು ಜುಲೈ ತಿಂಗಳು ನೋಡಿ

ಮಲೆನಾಡಿನವರು ಸೋಲಾರ್ ಕೊಟೇಶನ್ ಒಪ್ಪುವ ಮೊದಲು ಪಿವಿಜಿಐಎಸ್ (PVGIS) ವೆಬ್‌ಸೈಟ್ ಒಮ್ಮೆ ನೋಡಲೇಬೇಕು. ಯಾವ ಜಾಗದಲ್ಲಿ ಸೋಲಾರ್‌ನಿಂದ ಎಷ್ಟು ಕರೆಂಟ್ ಬರಬಹುದು ಅಂತ ಅದು ಲೆಕ್ಕ ಹಾಕಿ ತೋರಿಸುತ್ತದೆ. ಯುರೋಪಿಯನ್ ಕಮಿಷನ್ನಿನ ಸಂಶೋಧನಾ ಕೇಂದ್ರದವರು ನಡೆಸುವ ತಾಣ, ಆದರೆ ನಮ್ಮೂರಿನ ಬಿಸಿಲಿನ ಲೆಕ್ಕವೂ ಇದೆ. ದುಡ್ಡು ಬೇಡ, ಲಾಗಿನ್ನೂ ಬೇಡ. ಉಪಗ್ರಹದ ಚಿತ್ರಗಳಿಂದ ಲೆಕ್ಕ ಹಾಕಿದ ಗಂಟೆಗಂಟೆಯ ಬಿಸಿಲು, ಈಗಿನ ಆವೃತ್ತಿಯಲ್ಲಿ 2005ರಿಂದ 2023ರವರೆಗೆ.

ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಬಂದ ಅಂಗಡಿಯವರು 1 ಕಿಲೋವ್ಯಾಟ್‌ಗೆ ದಿನಕ್ಕೆ 4 ಯೂನಿಟ್ ಅಂದರು. ಅದು ವರ್ಷದ ಸರಾಸರಿ. ನಮಗೆ ಬೇಕಾಗಿದ್ದು ಮಳೆಗಾಲದ ಲೆಕ್ಕ, ಕರೆಂಟ್ ಹೋಗುವುದೇ ಆಗ ಅಲ್ವಾ! ಮ್ಯಾಪಿನಲ್ಲಿ ಮನೆ ಗುರುತಿಸಿ, 1 ಕಿಲೋವ್ಯಾಟ್ ಅಂತ ಕೊಟ್ಟರೆ ಯಾವ ತಿಂಗಳು ಎಷ್ಟು ಯೂನಿಟ್ ಅಂತ ಗ್ರಾಫಿನಲ್ಲಿ ತಿಂಗಳಿಗೊಂದು ಕಂಬ ಬರುತ್ತದೆ. ಮಾರ್ಚ್ ಕಂಬದ ಮುಂದೆ ಜುಲೈಯದು ಹೆಚ್ಚುಕಡಿಮೆ ಅರ್ಧ. ಪಾವಗಡ ಹಾಕಿ ನೋಡಿ, ಅಲ್ಲಿ ಮಳೆಗಾಲಕ್ಕೆ ಇಷ್ಟು ಇಳಿಯುವುದಿಲ್ಲ. 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಅಲ್ಲಿಗೆ ಸುಮ್ನೆ ಹೋಗಿಲ್ಲ.

ಪ್ಯಾನೆಲ್ ಯಾವ ದಿಕ್ಕಿಗೆ ಅಂತ ತುಂಬುವಾಗ ಮಾತ್ರ ಹುಷಾರು. ಇಲ್ಲಿ ದಕ್ಷಿಣ ಅಂದರೆ 0. ದಿಕ್ಸೂಚಿ ನೋಡಿ 180 ಹಾಕಿದರೆ ಪ್ಯಾನೆಲ್ ಉತ್ತರಕ್ಕೆ ತಿರುಗಿದಂತೆ ಲೆಕ್ಕ ಬರುತ್ತದೆ.

ನನಗೆ ತುಂಬಾ ಹಿಡಿಸಿದ್ದು ಆಫ್-ಗ್ರಿಡ್ ಭಾಗ, ಅಂದರೆ ಗ್ರಿಡ್‌ಗೆ ಜೋಡಿಸದೆ ಬ್ಯಾಟರಿಯಲ್ಲಿ ನಡೆಯುವ ಸೋಲಾರ್‌ನ ಲೆಕ್ಕ. ಪ್ಯಾನೆಲ್ ಎಷ್ಟು ವ್ಯಾಟ್, ಬ್ಯಾಟರಿ ಎಷ್ಟು, ದಿನಕ್ಕೆ ಎಷ್ಟು ಬಳಸುತ್ತೀರಿ, ಬ್ಯಾಟರಿ ಎಲ್ಲಿಯವರೆಗೆ ಇಳಿಯಬಹುದು (ಅದಾಗಿಯೇ 40 ಪರ್ಸೆಂಟ್ ಇರುತ್ತದೆ) ಇಷ್ಟು ಕೊಟ್ಟರೆ ಯಾವ ತಿಂಗಳಲ್ಲಿ ಎಷ್ಟು ಪರ್ಸೆಂಟ್ ದಿನ ಬ್ಯಾಟರಿ ಬರಿದಾಗುತ್ತದೆ ಅಂತ ತೋರಿಸುತ್ತದೆ. ಫ್ರಿಜ್ ಸೇರಿಸಿ ಒಂದು ಸಲ, ಬಿಟ್ಟು ಒಂದು ಸಲ ಲೆಕ್ಕ ಹಾಕಿ. ಪ್ಯಾನೆಲ್ ಜಾಸ್ತಿ ಬೇಕಾ, ಬ್ಯಾಟರಿ ಜಾಸ್ತಿ ಬೇಕಾ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಇದನ್ನು ಯಾವ ಕೊಟೇಶನ್ನಿನಲ್ಲೂ ನಾನು ಕಂಡಿಲ್ಲ.

ಕೊರತೆಯೂ ಇದೆ. ಗುಡ್ಡದ ನೆರಳನ್ನು ಲೆಕ್ಕಕ್ಕೆ ತಗೊಳ್ಳುತ್ತದೆ, ಆದರೆ ಮನೆ ಪಕ್ಕದ ಹಲಸಿನ ಮರ, ಅಡಿಕೆ ತೋಟ ಅದಕ್ಕೆ ಕಾಣುವುದಿಲ್ಲ. ಕರೆಂಟಿನಲ್ಲಿ ಆಗುವ ನಷ್ಟ 14 ಪರ್ಸೆಂಟ್ ಅಂತ ಮೊದಲೇ ತುಂಬಿರುತ್ತದೆ, ಪ್ಯಾನೆಲ್ ಮೇಲೆ ಎಲೆ, ಪಾಚಿ ಕೂರುವ ಕಡೆ ಅದನ್ನು ಸ್ವಲ್ಪ ಏರಿಸಿ. ಕನ್ನಡದಲ್ಲಿ ಇಲ್ಲ, ಅದೊಂದು ಬೇಜಾರು.

ಬ್ಯಾಟರಿ ಬೇಡ, ಗ್ರಿಡ್‌ಗೆ ಜೋಡಿಸಿದರೆ ಸಾಕು ಅನ್ನುವವರು ವಿಶ್ವ ಬ್ಯಾಂಕಿನ ಗ್ಲೋಬಲ್ ಸೋಲಾರ್ ಅಟ್ಲಾಸ್ ನೋಡಬಹುದು. ಅದೂ ಉಚಿತ, ಬಳಸಲು ಇನ್ನೂ ಸುಲಭ.